ಹಳಿ ಬೀಳದ ರೈಲಿನ ಹೊಟ್ಟೆಕಿಚ್ಚು

ಬೇರೆಯವರ ಎತ್ತು, ಹೊಲ, ಮಾಳಿಗೆ ನೋಡಿ ಹೊಟ್ಟೆಕಿಚ್ಚು ಪಡುವುದು ಎಲ್ಲರಿಗೂ ಬರುತ್ತದೆ. ಇನ್ನೂ ಹಳಿಯೇ ಬೀಳದ ರೈಲಿಗಾಗಿ ಬೀಗರ ಮೇಲೆ ಉರಿದವನು ನಾನೊಬ್ಬನೇ ಇರಬೇಕು. ಸೀರೆಯ ಗಂಟು ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಗಜೇಂದ್ರಗಡದಲ್ಲಿ ಅಂಗಡಿ ಹಾಕಿದವನು ನಾನು. ಮಗಳನ್ನು ಕೊಟ್ಟ ನರಗುಂದದ ಬೀಗರೋ, ಹುಟ್ಟಾ ಸಾಹುಕಾರರು, ಹತ್ತಿ ವ್ಯಾಪಾರದವರು. ಹೀಗಿರುವಾಗ ಸುದ್ದಿ ಹಬ್ಬಿತು: ಹೊಸದೊಂದು ಕವಲು ರೈಲು ಹಾಕುತ್ತಾರಂತೆ; ಸರಕಾರದ ಹತ್ತಿರ ಒಂದಕ್ಕೇ ರೊಕ್ಕ; ನಮ್ಮೂರಿಗೋ ನರಗುಂದಕ್ಕೋ, ಸರಕು ನೋಡಿ ಗೊತ್ತು ಮಾಡುತ್ತಾರಂತೆ. ಅಂದಿನಿಂದ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಹಿತ್ತಲಲ್ಲೇ ರೈಲು ಬಂದು ನಿಂತ ಹಾಗೆ ಬೀಗರು ಮೀಸೆ ತಿರುವುವುದು ಕಣ್ಣಿಗೆ ಕಟ್ಟುತ್ತಿತ್ತು.

"ಸಾಹೇಬ್ರ ಕೂಡ ಮಾತು ನನಗ ಬಿಡ್ರಿ. ಚೌಕಾಶಿ ಒಳಗ ನನ್ನ ಮೀರಿಸಾವ್ರು ಯಾರದಾರ?" ಎಂದು ಪೇಟೆಯವರಿಗೆಲ್ಲ ಹೇಳಿಬಿಟ್ಟೆ.

ಸರ್ವೆ ಸಾಹೇಬರು ಬಂದರು. ಗಾದಿಯ ಮೇಲೆ ಕುಳಿತು ಚಹ ಕುಡಿದು, "ವಾರಕ್ಕೆ ಎಷ್ಟು ಗಾಡಿ ಮಾಲು ಹೊರಗೆ ಹೋಗುತ್ತದೆ?" ಎಂದರು. ಸರಕಾರದವರು ಮಾಲಿನ ಲೆಕ್ಕ ಕೇಳಿದರೆ ನಮ್ಮ ಪೇಟೆಯವರ ಬಾಯಿಂದ ಬರುವುದು ಒಂದೇ ಮಾತು; ತೆರಿಗೆಯ ಭಯ ಕಲಿಸಿದ್ದು. ನನ್ನ ಬಾಯಿಂದಲೂ ಅದೇ ಬಂತು. "ಎಲ್ಲಿ ವ್ಯಾಪಾರರೀ ಸಾಹೇಬ್ರ? ನೊಣಾ ಹೊಡಕೋತ ಕುಂತೇವಿ." ಸುತ್ತ ನಿಂತವರೂ, "ಖರೇನರೀ, ಪ್ಯಾಟಿ ಪೂರಾ ಬಿದ್ದೈತ್ರಿ" ಎಂದು ತಲೆಯಾಡಿಸಿದರು.

"ಹಾಗಾದರೆ ರೈಲಿನಲ್ಲಿ ನೊಣ ತುಂಬೋಣವೇ?" ಎಂದರು ಸಾಹೇಬರು.

ತಟ್ಟನೆ ಮಾತು ತಿರುಗಿಸಿದೆ. "ಹತ್ತು ಗಾಡಿ ಹೋಗ್ತಾವ್ರಿ" ಎಂದೆ. ಅವರು ನಕ್ಕರು. "ಇಪ್ಪತ್ತ ಹಿಡೀರಿ." ಅವರು ಟೊಪ್ಪಿಗೆ ಎತ್ತಿಕೊಂಡರು. "ಕಡೀ ಮಾತು, ನಲವತ್ತು!" ಎನ್ನುವಷ್ಟರಲ್ಲಿ ಜೀಪು ನರಗುಂದದ ಕಡೆ ಹೊರಟಿತ್ತು.

"ಬರೋ ರೈಲು ಬಾಗಲದಾಗಿಂದ ಹೊಳ್ಳಿ ಕಳಿಸಿದ್ರಿ" ಎಂದಳು ಒಳಗಿನಿಂದ ಹೆಂಡತಿ.

ಮಗಳನ್ನು ನೋಡುವ ನೆಪ ಮಾಡಿಕೊಂಡು ನರಗುಂದಕ್ಕೆ ಓಡಿದೆ. ಬೀಗರು ಹಣೆಗೆ ಕೈ ಹಚ್ಚಿ ಕೂತಿದ್ದರು.

"ಯಾಕ್ರಿ ಬೀಗರ, ಏನಾತು?"

"ಏನ್ ಹೇಳ್ಲಿರಿ! ರೈಲಿನವ್ರು ಅಂತ ಗೊತ್ತಿತ್ತು. ಆದ್ರ ಅವರೂ ಸರಕಾರದವ್ರ ಅಲ್ಲೇನ್ರಿ? ಹಿಂದಿನ ದಿನಾನ ಹತ್ತಿ ಎಲ್ಲಾ ಮಗ್ಗಲಮನಿಗೆ ಸಾಗಿಸಿ, ಖಾಲಿ ಗೋದಾಮು ತೋರಿಸಿದೆ. ಎರಡೂ ಊರಾಗ ಸರಕಿಲ್ಲಂತ ಬರಕೊಂಡು ಹೋದ್ರು."

"ಛೇ ಛೇ, ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ?" ಎಂದು ಅವರಿಗೆ ಬುದ್ಧಿ ಹೇಳಿ, ಬಡಿಸಿದ ಹೋಳಿಗೆಯನ್ನು ಬೇಡವೆನ್ನದೆ ತಿಂದೆ.

ತಿರುಗಿ ಬರುವಾಗ ರೋಣದಲ್ಲಿ ಬಸ್ಸು ಕೆಟ್ಟು ನಿಂತಿತು. ಅಲ್ಲಿಂದ ಎತ್ತಿನ ಗಾಡಿ. ಎರೆಮಣ್ಣಿನ ದಾರಿಯಲ್ಲಿ ಎಲುಬಿಗೆ ಎಲುಬು ತಾಗುವಂತೆ ಕುಲುಕುತ್ತ ಊರು ಸೇರಿದೆ. ಸೊಂಟ ಮುರಿದುಹೋಗಿತ್ತು, ಮುಖದ ಮೇಲಿನ ನಗು ಮಾತ್ರ ದಾರಿಯುದ್ದಕ್ಕೂ ಅಲುಗಿರಲಿಲ್ಲ.