ಸರಪಳಿಗೆ ಸಿಕ್ಕಿದ ಗೊರಬಲು

ನನಗೆ ದೇವರಿಗಿಂತ ವೈಟ್ನರ್ ಮೇಲೆ ನಂಬಿಕೆ ಹೆಚ್ಚು. ದೇವರು ತಪ್ಪನ್ನು ಮನ್ನಿಸುತ್ತಾನೋ ಇಲ್ಲವೋ, ವೈಟ್ನರ್ ಮಾತ್ರ ಎರಡು ನಿಮಿಷದಲ್ಲಿ ಒಣಗಿ ಹೊಸದಾಗಿ ಬರೆಯಲು ಬಿಡುತ್ತದೆ. ಶಿವಮೊಗ್ಗದ ದುರ್ಗಿಗುಡಿಯ ಅಡಿಕೆ ವ್ಯಾಪಾರದ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿ ನಾನು ಗಳಿಸಿದ ವೇದಾಂತ ಇಷ್ಟೇ. "ನಮ್ಮ ಲಗ್ನಪತ್ರಿಕೆಗೂ ಸ್ವಲ್ಪ ಬಳೀಬಹುದಿತ್ತು" ಎಂದು ನನ್ನ ಹೆಂಡತಿ ಆಗಾಗ ಅನ್ನುತ್ತಾಳೆ.

ಹೋದ ವರ್ಷ ಮಾಲೀಕರು ಕಚೇರಿಗೆ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಲೆಕ್ಕ ತಂದರು. ಒಮ್ಮೆ ದಾಖಲಿಸಿದ್ದು ಹಿಂದಿನ ದಾಖಲೆಗೆ ಸರಪಳಿಯ ಕೊಂಡಿಯಂತೆ ಬೆಸೆದುಕೊಳ್ಳುತ್ತದೆ, ಅಡಿಕೆ ಕೊಂಡವರು ಮೊಬೈಲಿನಲ್ಲೇ ಚೀಲದ ಪೂರ್ವಾಪರ ನೋಡಬಹುದು ಎಂದು ತರಬೇತಿಗೆ ಬಂದ ಹೆಣ್ಣುಮಗಳು ವಿವರಿಸಿದಳು. ನನಗೆ ಬೇಕಾದ್ದನ್ನು ನಾನು ಕೇಳಿದೆ.

"ಅಳಿಸೋದು ಹೇಗಮ್ಮ?"

"ಅಳಿಸೋಕಾಗಲ್ಲ ಸಾರ್. ಬೇಕಾದ್ರೆ ತಿದ್ದುಪಡಿ ಅಂತ ಇನ್ನೊಂದು ಸೇರಿಸಬಹುದು. ತಪ್ಪು ಯಾರದು ಅಂತ ಬರೀಬೇಕು. ಅದೂ ಹಾಗೇ ಉಳಿಯುತ್ತೆ."

ಅವತ್ತು ಊಟ ರುಚಿಸಲಿಲ್ಲ.

ಇಷ್ಟು ಭದ್ರವಾದ ಸರಪಳಿಯ ಮೊದಲ ಕೊಂಡಿ ಯಾವುದೆಂದರೆ, ಭದ್ರಾವತಿ ಬಸ್ಸಿನ ಕಂಡಕ್ಟರನ ಜೇಬು. ಅಲ್ಲಿನ ನಮ್ಮ ಗೋದಾಮಿನಲ್ಲಿ ಖಾದರ್ ಸಾಬರು ಅಡಿಕೆ ಒಡೆದು ನೋಡಿ, ಇದು ಒಳ್ಳೆಯ ದರ್ಜೆಯ ರಾಶಿ, ಇದು ಕಡಿಮೆ ದರ್ಜೆಯ ಗೊರಬಲು ಎಂದು ಚೀಟಿ ಬರೆಯುತ್ತಿದ್ದರು. ಕಂಪ್ಯೂಟರ್ ಅವರಿಗೆ ಒಗ್ಗದು. ಚೀಟಿ ಬಸ್ಸಿನಲ್ಲಿ ಬರುತ್ತಿತ್ತು, ಅದನ್ನು ಅವರ ಹೆಸರಿನಲ್ಲಿ ನಾನು ಕಂಪ್ಯೂಟರಿಗೆ ಒತ್ತುತ್ತಿದ್ದೆ. ಒಂದು ಮಧ್ಯಾಹ್ನ ಎಡಗೈಯಲ್ಲಿ ಕಾಫಿ ಲೋಟ ಹಿಡಿದು, ಬಲಗೈಯಲ್ಲಿ ಗೊರಬಲನ್ನು ರಾಶಿ ಎಂದು ಒತ್ತಿಬಿಟ್ಟೆ.

ಚೀಲಗಳು ಹೋದ ಊರಿನಿಂದ ಬೈಗುಳ ಬಂತು. ಮಾಲೀಕರು ಸಾಬರನ್ನು ಶಿವಮೊಗ್ಗಕ್ಕೆ ಕರೆಸಿ ಕಂಪ್ಯೂಟರ್ ತೋರಿಸಿದರು.

"ನಾನು ಗೊರಬಲು ಅಂತಾನೇ ಬರ್ದಿದ್ದೆ ಸ್ವಾಮಿ" ಅಂದರು ಸಾಬರು.

"ಇದು ಸುಳ್ಳು ಹೇಳೋ ಯಂತ್ರ ಅಲ್ಲ ಸಾಬ್ರೆ. ವಯಸ್ಸಾಯ್ತು, ಕಣ್ಣು ಮಂಜಾಗಿರ್ಬೇಕು."

ಸಾಬರು ನನ್ನತ್ತ ತಿರುಗಿದರು. "ರುದ್ರಪ್ಪನೋರೆ, ಚೀಟಿ ನಿಮ್ಮ ಹತ್ರ ಇರ್ಬೇಕಲ್ಲ?"

ಚೀಟಿ ನನ್ನ ಮೇಜಿನ ಡ್ರಾಯರಿನಲ್ಲಿತ್ತು. "ಒತ್ತಿದ ಮೇಲೆ ಹರಿದು ಹಾಕ್ತೀನಿ ಸಾಬ್ರೆ" ಅಂದೆ. ಇಷ್ಟು ಸಲೀಸಾಗಿ ನಾನು ನನ್ನ ಹೆಸರನ್ನೂ ಹೇಳಿದವನಲ್ಲ. ಆಮೇಲೆ ತಿದ್ದುಪಡಿಯ ಪುಟ ತೆರೆದು, 'ತಪ್ಪು ಯಾರದು' ಎಂಬ ಖಾನೆಯ ಮುಂದೆ ಎಷ್ಟೋ ಸಲ ಕೂತಿದ್ದೇನೆ. ನಾನು ಹೋದ ಮೇಲೂ ಆ ಖಾನೆಯಲ್ಲಿ ನನ್ನ ಹೆಸರು ಉಳಿದಿರುತ್ತದೆ ಎನ್ನಿಸಿ, ಪುಟ ಮುಚ್ಚಿ ಕಾಫಿಗೆ ಎದ್ದು ಹೋಗಿದ್ದೇನೆ. ಹೇಡಿತನಕ್ಕೆ ಬೇರೆ ಹೆಸರಿದ್ದರೆ ಯಾರಾದರೂ ಹೇಳಿ.

ಮೂವತ್ತು ವರ್ಷ ಅಡಿಕೆಯ ಒಳಗನ್ನು ಓದಿದ ಸಾಬರನ್ನು ಮಾಲೀಕರು ನಮ್ಮ ಕಚೇರಿಯ ಗೇಟಿಗೆ ಹಾಕಿದರು. ಈಗ ಸ್ಟೂಲಿನ ಮೇಲೆ ಕೂತು, ಯಾರು ಎಷ್ಟು ಹೊತ್ತಿಗೆ ಬಂದರೆಂದು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಆ ಪುಸ್ತಕಕ್ಕೆ ಇನ್ನೂ ಬ್ಲಾಕ್‌ಚೈನ್ ಬಂದಿಲ್ಲ, ಪೆನ್ನೇ.

ಮೊನ್ನೆ ಒಂಬತ್ತೂವರೆಯ ಕಚೇರಿಗೆ ನಾನು ಮುಕ್ಕಾಲು ಗಂಟೆ ತಡವಾಗಿ ಹೋದೆ. ಸಾಬರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಒಂಬತ್ತೂವರೆ ಎಂದು ಬರೆದರು. "ಇರ್ಲಿ ಬಿಡಿ ಮಾರಾಯ್ರೆ, ಮನುಷ್ಯ ಅಂದ್ಮೇಲೆ ಹೆಚ್ಚುಕಮ್ಮಿ ಆಗುತ್ತೆ" ಅಂದರು. ಅವರು ಅಡಿಕೆಗೆ ಯಾವತ್ತೂ ಸುಳ್ಳು ಬರೆದವರಲ್ಲ. ನನಗಾಗಿ ಬರೆದರು.

ಅದರ ಕೆಳಗೆ ನಾನು ಸಹಿ ಹಾಕಿದೆ.