ನಮ್ಮ ಚಿಕ್ಕಪ್ಪ ಡಿಸ್‌ಇಂಟರೆಸ್ಟೆಡ್

ನಾನು ಡಿಗ್ರಿ ಮುಗಿಸಲಾರೆ ಎಂದು ಮೊದಲು ಹೇಳಿದವರು ನನ್ನ ಮಾಮ, ಅಮ್ಮನ ಒಡಹುಟ್ಟಿದ ಅಣ್ಣ. ದಿಂಡಿಗಲ್ಲಿನಲ್ಲಿ ಬೀಗದ ಅಂಗಡಿ ಇಟ್ಟವರು. "ಈ ಪುಳ್ಳೆ ಡಿಗ್ರಿ ವಾಂಗೋದೂ ಒಂದೇ, ವೈಗೈ ಹೊಳೆ ಹಿಂದಕ್ಕೆ ಹರಿಯೋದೂ ಒಂದೇ" ಎಂದು ನಮ್ಮ ಪಡಸಾಲೆಯಲ್ಲೇ ಕುಳಿತು, ನಮ್ಮದೇ ಕಾಫಿ ಕುಡಿಯುತ್ತ, ತಮಿಳು ಬೆರೆತ ನಮ್ಮ ಕಡೆಯ ಕನ್ನಡದಲ್ಲಿ ಹೇಳಿದ್ದರು; ಪುಳ್ಳೆ ಎಂದರೆ ಹುಡುಗಿ, ವಾಂಗೋದು ಎಂದರೆ ತಗೊಳ್ಳೋದು. ಹಾಗೆ ನೋಡಿದರೆ ಅವರ ಮಾತಿಗೆ ಆಧಾರವೂ ಇತ್ತು. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಕಾಲೇಜಿನ ಗೇಟು ದಾಟಿದವರು ಅಪ್ಪ ಒಬ್ಬರೇ. ಅದೂ ದ್ರಾಕ್ಷಿ ಬುಟ್ಟಿ ಹೊತ್ತುಕೊಂಡು, ಹಾಸ್ಟೆಲ್ಲಿನ ಅಡುಗೆಮನೆಯವರೆಗೆ.

ಅಂಥ ಮನೆಯಿಂದ ನಾನು ಕಂಬಂ ಕಡೆಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ತೇನಿಗೆ ಹೋಗಿ ಬಿ.ಎ. ಇಂಗ್ಲಿಷ್ ಸೇರಿದೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್. ಒಂದೇ ಡಬ್ಬಿಗೆ ತುಂಬಿದ ಸಾರು, ಪಲ್ಯ, ಮೊಸರಿನ ಹಾಗೆ ಮೂರೂ ಮಧ್ಯಾಹ್ನದ ಹೊತ್ತಿಗೆ ಬೆರೆತುಹೋಗುತ್ತಿದ್ದವು. ಮನೆಯ ಕನ್ನಡಕ್ಕೆ ಅಕ್ಷರವೂ ಉಂಟೆಂದು ಕಂಡುಕೊಂಡು ಅದನ್ನು ತಿದ್ದಿದ್ದು ಬಹಳ ಆಮೇಲೆ. ಇಂಗ್ಲಿಷ್ ಪದಗಳಿಗೆ ಮಾತ್ರ ನನ್ನದೊಂದು ಸುಲಭದ ಉಪಾಯವಿತ್ತು: ಬಾಳೆಹಣ್ಣಿನ ಹಾಗೆ ಸುಲಿದು ನೋಡುವುದು. ‘ಇಂಟರೆಸ್ಟ್’ ಎಂದರೆ ಆಸಕ್ತಿ. ಮುಂದೆ ‘ಡಿಸ್’ ಬಂದು ಕೂತರೆ ಆಸಕ್ತಿ ಇಲ್ಲ. ಮುಗಿಯಿತು, ಇದಕ್ಕೆಲ್ಲ ಡಿಕ್ಷನರಿ ಯಾಕೆ? ಕೊನೆಯ ವರ್ಷ ನಮ್ಮ ಇಂಗ್ಲಿಷ್ ಮಿಸ್ಸು ‘ಡಿಸ್‌ಇಂಟರೆಸ್ಟೆಡ್’ ಎಂಬ ಪದ ಕೊಟ್ಟು ವಾಕ್ಯ ಬರೆಯಿರಿ ಎಂದಾಗ ನಾನು ಎಲ್ಲರಿಗಿಂತ ಮೊದಲು ಬರೆದು ಕೊಟ್ಟೆ: ‘ನನ್ನ ಚಿಕ್ಕಪ್ಪ ಎಲ್ಲ ವಿಷಯಗಳಲ್ಲೂ ಡಿಸ್‌ಇಂಟರೆಸ್ಟೆಡ್.’

ಚಿಕ್ಕಪ್ಪನನ್ನು ನೋಡಿದ ಯಾರೇ ಆದರೂ ಈ ವಾಕ್ಯವನ್ನು ಒಪ್ಪುತ್ತಿದ್ದರು. ದ್ರಾಕ್ಷಿ ಚಪ್ಪರದ ನೆರಳಲ್ಲಿ ಹಗ್ಗದ ಮಂಚ, ಮುಖದ ಮೇಲೊಂದು ಟವೆಲ್ಲು. ಊರಿನಲ್ಲಿ ಎಲೆಕ್ಷನ್ ನಡೆಯಲಿ, ಪಕ್ಕದ ಹೊಲದವರು ಹೊಡೆದಾಡಿಕೊಳ್ಳಲಿ, ಟವೆಲ್ಲು ಅಲುಗುತ್ತಿರಲಿಲ್ಲ. ಒಮ್ಮೆ ಯಾರದೋ ಹಸು ನುಗ್ಗಿ ಅವರ ಜೋಳವನ್ನೇ ಮೇಯುತ್ತಿದ್ದಾಗ ನಾನು ಓಡಿಹೋಗಿ ಎಬ್ಬಿಸಿದರೆ, "ಅದಕ್ಕೂ ಹಸಿವು ತಾನೆ ತಾಯಿ" ಎಂದು ಮಗ್ಗುಲು ಬದಲಿಸಿದ್ದರು. ಆ ಟವೆಲ್ಲನ್ನು ಎತ್ತಿಸುವ ಶಕ್ತಿ ಇದ್ದದ್ದು ಭೂಮಿಯ ಮೇಲೆ ಒಂದಕ್ಕೇ: ಮಾಮ ಬಂದಾಗಲೆಲ್ಲ ತರುತ್ತಿದ್ದ ದಿಂಡಿಗಲ್ ಬಿರಿಯಾನಿಗೆ. ಪೊಟ್ಟಣ ಬಿಚ್ಚುವ ಮೊದಲೇ ಚಿಕ್ಕಪ್ಪ ಕೈ ತೊಳೆದು ಕೂತಿರುತ್ತಿದ್ದರು.

ಆ ವರ್ಷವೇ ತಕರಾರು ಶುರುವಾಯಿತು. ನಮ್ಮಲ್ಲಿ ತಂಗಿಯ ಮಗಳನ್ನು ತನ್ನ ಮಗನಿಗೆ ಕೇಳುವುದು ಅಣ್ಣನ ಹಕ್ಕು. ಪೊಂಗಲ್ ಕಳೆದ ಕೂಡಲೇ ಮದುವೆ ಆಗಿಬಿಡಲಿ ಎಂದು ಮಾಮ ಪಟ್ಟು ಹಿಡಿದರು. ಕೊನೆಯ ಪರೀಕ್ಷೆ ಇದ್ದದ್ದು ಬೇಸಿಗೆಯಲ್ಲಿ. ಮದುವೆಯಾಗಿ ದಿಂಡಿಗಲ್ಲಿಗೆ ಹೋದವಳು ಪರೀಕ್ಷೆಗೆ ತೇನಿಗೆ ಬಂದಂತೆಯೇ! ನಾನು ಆಗುವುದಿಲ್ಲ ಎಂದೆ. ಅಮ್ಮ ಅಣ್ಣನ ಮುಖ ನೋಡಿದಳು, ಅಪ್ಪ ನೆಲ ನೋಡಿದರು. ಇಂಥ ಸಂದರ್ಭಕ್ಕೆ ನಮ್ಮವರಲ್ಲೊಂದು ಪದ್ಧತಿ ಇದೆ. ನೆಂಟರಲ್ಲೇ ಒಬ್ಬರನ್ನು ನ್ಯಾಯ ಹೇಳಲು ಕೂರಿಸುವುದು. ಅವರನ್ನು ಆರಿಸುವ ಹಕ್ಕು ಕಿರಿಯರ ಕಡೆಗೆ. ಆಮೇಲೆ ಅವರು ಹೇಳಿದ್ದೇ ಕೊನೆ.

ನಾನು ಲೆಕ್ಕ ಹಾಕಿದೆ. ಅಪ್ಪನ ಕಡೆಯ ಸೋದರತ್ತೆಯನ್ನು ಕೂರಿಸೋಣವೆಂದರೆ ಅವಳಿಗೂ ಮದುವೆಗಿರುವ ಮಗನೊಬ್ಬ ಇದ್ದ. ದೊಡ್ಡಪ್ಪನಿಗೆ ಮಾಮನ ಅಂಗಡಿಯಲ್ಲಿ ಪಾಲು. ಆದರೆ ನಾನು ಅವರಿಬ್ಬರನ್ನು ಬಿಟ್ಟದ್ದು ಈ ಕಾರಣಕ್ಕಲ್ಲ. ಅವರು ತುಂಬ ಮಾತಾಡುತ್ತಾರೆ, ವಿಚಾರಿಸುತ್ತಾರೆ ಎಂದು. ನನಗೆ ಬೇಕಿದ್ದದ್ದು ಆಕಳಿಸುತ್ತ ಕೂತು, ನಾನು ಅತ್ತ ಕೂಡಲೇ "ಆಗಲಿ ಬಿಡು" ಎಂದು ಎದ್ದುಹೋಗುವ ಜನ. "ಚಿಕ್ಕಪ್ಪ" ಎಂದೆ. ಮಾಮನ ಮುಖ ಅರಳಿತು. "ಸೆರಿ ಸೆರಿ, ಅವನೇ ಕೂರಲಿ" ಎಂದರು. ಅವರ ಮನಸ್ಸಿನಲ್ಲಿ ಆಗಲೇ ಬಿರಿಯಾನಿ ಬೇಯುತ್ತಿತ್ತು.

ಭಾನುವಾರ ಮಾಮ ಎರಡು ಪೊಟ್ಟಣ ತಂದರು. ಸಣ್ಣಕ್ಕಿ, ಮೆಣಸು, ತುಪ್ಪದ ಘಮ ಪಡಸಾಲೆಯಿಂದ ಬೀದಿಯವರೆಗೆ ಹರಡಿತು. ನನ್ನ ಡಿಗ್ರಿಯ ಕಥೆ ಮುಗಿಯಿತು ಎಂದುಕೊಂಡೆ. ಚಿಕ್ಕಪ್ಪ ಒಳಗೆ ಬಂದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ತಮ್ಮದೇ ನೀರಿನ ಬಾಟಲಿ.

"ಬಾ ಮಚ್ಚಾ, ಮೊದ್ಲು ತಿನ್ನು. ನ್ಯಾಯ ಎಲ್ಲೋಗ್ತದೆ?" ಎಂದರು ಮಾಮ.

"ನ್ಯಾಯ ಹೇಳೋ ಬಾಯಿ ಮಚ್ಚಾ. ಎರಡೂ ಕಡೆ ನೀರೂ ಕುಡೀಬಾರ್ದು" ಎಂದು ಚಿಕ್ಕಪ್ಪ ಪೊಟ್ಟಣದ ಕಡೆ ಒಮ್ಮೆ, ಬಹಳ ಹೊತ್ತು, ನೋಡಿದರು. ಆಮೇಲೆ ಅದಕ್ಕೆ ಬೆನ್ನು ಹಾಕಿ ಕೂತರು. ಅಮ್ಮ ತಂದ ಮಜ್ಜಿಗೆಯನ್ನೂ ಮುಟ್ಟಲಿಲ್ಲ.

ನನ್ನ ಅಳು ಅವರ ಮುಂದೆ ನಡೆಯಲಿಲ್ಲ. "ಅಳೋದಾದ್ರೆ ಹಿತ್ತಲಿಗೆ ಹೋಗಿ ಅತ್ತು ಬಾ, ಕಾಯ್ತೀನಿ. ಪರೀಕ್ಷೇಲಿ ಫೇಲಾದ್ರೆ ಏನ್ ಮಾಡ್ತೀಯ, ಅದ ಹೇಳು" ಎಂದರು.

"ಮತ್ತೆ ಬರೀತೀನಿ."

"ಮಚ್ಚಾ, ನಿನ್ನ ಅಂಗಡೀಲಿ ಕೀಲಿಕೈ ಇಲ್ದೆ ಬರೀ ಬೀಗ ಮಾರ್ತೀಯಾ?"

"ಯಾವನು ವಾಂಗ್ತಾನೆ?" ಎಂದ ಮಾಮ, ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಇವಳೂ ಅಷ್ಟೇ. ಮೂರು ವರ್ಷ ಓದವ್ಳೆ, ಕೀಲಿಕೈ ಇನ್ನೂ ಬಂದಿಲ್ಲ. ಸರ್ಟಿಫಿಕೇಟು ಕೈಗೆ ಬರೋವರ್ಗೂ ನೀನು ಮದ್ವೆ ಅನ್ಬೇಡ. ಇವಳೂ ಒಲ್ಲೆ ಅನ್ಬಾರ್ದು. ಬಂದ್ಮೇಲೆ ಅವಳ ಬಾಯಲ್ಲೇ ಕೇಳು. ಅಲ್ಲೀವರ್ಗೂ ನಾನು ನಿಮ್ಮನೇಲೂ ಉಣ್ಣಲ್ಲ, ಇವರ ಮನೇಲೂ ಉಣ್ಣಲ್ಲ."

ಹೇಳಿ ಮುಗಿಸಿ ಆಕಳಿಸಿ ಎದ್ದುಹೋದರು. ಮಾಮನ ಜೊತೆ ಬಂದಿದ್ದ ಅವರ ಮಗ ಸಂಜೆ ಚಪ್ಪರಕ್ಕೆ ಹೋಗಿ ಅವರಿಗೆ ಸದ್ದಿಲ್ಲದೆ ಕೈ ಮುಗಿದು ಬಂದನಂತೆ. ಅವನಿಗೂ ನಾನು ಬೇಡವಾಗಿದ್ದೆ ಎಂದು ತಿಳಿದು ನನಗೆ ಸಂತೋಷವಾಗಬೇಕಿತ್ತು. ಯಾಕೋ ಸ್ವಲ್ಪ ಅವಮಾನವೇ ಆಯಿತು.

ಆ ವಾರವೇ ಮಿಸ್ಸು ನನ್ನ ವಾಕ್ಯಕ್ಕೆ ಕೆಂಪು ಗೀಟು ಎಳೆದು ಕೊಟ್ಟರು. "ಆಸಕ್ತಿ ಇಲ್ಲದವನು ಅನ್‌ಇಂಟರೆಸ್ಟೆಡ್ ಮಾ. ಡಿಸ್‌ಇಂಟರೆಸ್ಟೆಡ್ ಅಂದರೆ ತನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನೋ ಹಾಗೆ ನ್ಯಾಯವಾಗಿ ನೋಡುವವನು. ಈಗೀಗ ಎರಡನ್ನೂ ಬೆರೆಸಿ ಬರೆಯುವವರು ಬೇಕಾದಷ್ಟಿದ್ದಾರೆ. ನನ್ನ ತರಗತಿಯಲ್ಲಿ ಬೇಡ. ಜಡ್ಜಿಗೆ ಕೇಸಿನಲ್ಲಿ ಆಸಕ್ತಿ ಇರಬೇಕು, ಪಾಲು ಇರಬಾರದು. ನಿಮ್ಮ ಚಿಕ್ಕಪ್ಪ ಯಾವುದು?" ಎಂದರು. ತಪ್ಪು ಅರ್ಥ ಹಿಡಿದುಕೊಂಡು ಹೋಗಿ ಸರಿಯಾದ ಮನುಷ್ಯನ ಮುಂದೆ ನಿಂತಿದ್ದೆ. ನನ್ನ ಬಾಳೆಹಣ್ಣಿನ ಉಪಾಯಕ್ಕೆ ಅಂದೇ ಕೊನೆ. ಈಗ ಡಿಕ್ಷನರಿ ನೋಡದೆ ‘ಥ್ಯಾಂಕ್ಸ್’ ಎನ್ನಲೂ ಹೆದರುತ್ತೇನೆ.

ಪರೀಕ್ಷೆ ಬರೆದೆ, ಪಾಸಾದೆ. ಆದರೆ ಸರ್ಟಿಫಿಕೇಟು ಬರಲು ಇನ್ನೂ ಬಹಳ ತಿಂಗಳು ಹಿಡಿಯಿತು. ಅಷ್ಟೂ ದಿನ ಚಿಕ್ಕಪ್ಪ ನಮ್ಮ ಮನೆಯ ಹಬ್ಬಕ್ಕೂ ಊಟಕ್ಕೆ ಕೂರಲಿಲ್ಲ. ಮಾಮನ ಪೊಟ್ಟಣ ಬಂದಾಗಲೆಲ್ಲ ಘಮವಾದರೂ ಸಿಗಲೆಂದು ಗಾಳಿಗೆ ಎದುರು ಮುಖ ಮಾಡಿ ಮಲಗುತ್ತಿದ್ದರು.

ಪದವಿ ಪ್ರದಾನದ ದಿನ ಕಾಲೇಜಿಗೆ ಅಮ್ಮ, ಚಿಕ್ಕಪ್ಪ, ಮಾಮ ಮೂವರೂ ಬಂದರು. "ವೈಗೈ ಹಿಂದಕ್ಕೆ ಹರೀತಾ ಮಾಮ?" ಎಂದು ಕೇಳಿದೆ. "ನಾನು ಯಾವಾಗ ಹಂಗಂದೆ ಕಣ್ಣು, ಬಂಗಾರ? ನೀನು ಮುಗಿಸೇ ಮುಗಿಸ್ತೀಯ ಅಂತ ಅವತ್ತೇ ಅಂದಿದ್ನಲ್ಲ!" ಎಂದರು. ಮಗನ ಮದುವೆಯ ಬಗ್ಗೆ ಅವರು ಕೇಳಿದ್ದಕ್ಕೆ ಬೇಡ ಎಂದು ಅಲ್ಲೇ ಹೇಳಿದೆ. ಅವರೂ ಅದನ್ನು ನಿರೀಕ್ಷಿಸಿದವರಂತೆ ತಲೆಯಾಡಿಸಿದರು. ಕಪ್ಪು ಗೌನು ಎಡವುತ್ತ ಹೋಗಿ ಸರ್ಟಿಫಿಕೇಟನ್ನು ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಹಿಡಿದರು. ನಾನು ಹೊಸ ಪದವೀಧರೆಯ ಗತ್ತಿನಲ್ಲಿ, "ಚಿಕ್ಕಪ್ಪಾ, ಇಂಗ್ಲಿಷಿನಲ್ಲಿ ನಿನ್ನಂಥವರಿಗೆ ಒಂದು ದೊಡ್ಡ ಪದ ಇದೆ. ಅದಕ್ಕೇ ಅವತ್ತು ನಿನ್ನನ್ನ ಆರಿಸಿದ್ದು" ಎಂದು ಶುರುಮಾಡಿದೆ.

"ಬಿಡು ತಾಯಿ, ಗೊತ್ತು. ಈ ತೂಂಗುಮೂಂಜಿ, ನಿದ್ದೆಬುರುಕ, ಆಕಳಿಸ್ಕೊಂಡು ನೀನು ಹೇಳಿದ್ದಕ್ಕೆಲ್ಲ ಹೂಂ ಅಂತಾನೆ ಅಂತ ತಾನೆ ಆರಿಸ್ದೆ?" ಎಂದು ಸರ್ಟಿಫಿಕೇಟನ್ನು ನನಗೆ ಮರಳಿ ಕೊಟ್ಟು, ಮಾಮನ ಕೈಚೀಲದ ಕಡೆ ತಿರುಗಿದರು. "ಈ ಕಾಗ್ದ ದೂರ ಇಡು. ಬಿರಿಯಾನಿ ಎಣ್ಣೆ ತಾಗ್ತದೆ."