ಬಿಚ್ಚಲೊಲ್ಲದ ಬೆಲ್ಟು

ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತವರು ಒಂದಿಲ್ಲೊಂದು ಫಜೀತಿ ಮಾಡಿಕೊಳ್ಳದೆ ಇಳಿದದ್ದೇ ಕಡಿಮೆ. ಎಪ್ಪತ್ತರ ದಶಕದ ಕೊನೆಗೆ ಗೋವಾದಿಂದ ಹಳೆಯ ಫಾರಿನ್ ಕಾರೊಂದನ್ನು ತಂದಿದ್ದೆ. ಅದಕ್ಕೆ ಸೀಟ್ ಬೆಲ್ಟ್ ಇತ್ತು. ಬೆಳಗಾವಿಯಲ್ಲಿ ಆಗ ಅಂಥದ್ದನ್ನು ಕಂಡವರೇ ಅಪರೂಪ. ರವಿವಾರ ಪೇಟೆಯ ನನ್ನ ಅಂಗಡಿ ಮುಂದೆ ಕಾರು ನಿಂತರೆ ಸಾಕು, ಬಂದವರೆಲ್ಲ ಬೆಲ್ಟು ಜಗ್ಗಿ ನೋಡುವವರೇ.

೧. ಪೈಲ್ವಾನನ ಶಕ್ತಿ

ಪಕ್ಕದ ಮನೆಯಾತ ತಾಲೀಮಿನ ಪೈಲ್ವಾನ. ಒಮ್ಮೆ ಕಾರಿನಲ್ಲಿ ಕೂತು ಬೆಲ್ಟನ್ನು ಜೋರಾಗಿ ಜಗ್ಗಿದ. ಗಕ್ಕನೆ ನಿಂತಿತು. ಕಾಲು ಕೊಟ್ಟು ಜಗ್ಗಿದ, ಮೀಸೆ ತಿರುವಿ ಜಗ್ಗಿದ. ಊಹೂಂ. ಮನೆಯೊಳಗಿನಿಂದ ಬಂದ ನನ್ನ ಹೆಂಡತಿ, ಬೆಲ್ಟನ್ನು ತುಸು ಹಿಂದಕ್ಕೆ ಬಿಟ್ಟು ಎರಡೇ ಬೆರಳಲ್ಲಿ ಮೆಲ್ಲಗೆ ಎಳೆದಳು. ಸುರಸುರ ಬಂತು.

ಪೈಲ್ವಾನ ಬೆವರು ಒರೆಸಿಕೊಂಡು ಹೇಳಿದ: "ನಾ ಸಡ್ಲ ಮಾಡಿ ಇಟ್ಟಿದ್ದಕ್ಕ ಬಂತು ನೋಡ್ರಿ, ವೈನಿ!"

೨. ಅತ್ತೆಯವರ ಪಥ್ಯ

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಸಿಹಿ ಬಿಟ್ಟಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಕಾಕತಿಯಲ್ಲಿರುವ ಅವರ ಬೀಗರ ಮನೆಗೆ ಹೊರಟಾಗ, ಬೀಗರಿಗೆಂದು ಕೊಂಡ ಸಿಹಿ ಕುಂದಾದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತರು. ನಾನು ರಸ್ತೆ ನೋಡುತ್ತಿದ್ದೆ.

ಕಾಕತಿ ಮುಟ್ಟಿದರೆ ಬೆಲ್ಟಿನ ಕೊಂಡಿ ಬಿಚ್ಚಲೊಲ್ಲದು. ಬೀಗರು ಚಹಾ, ಉಪ್ಪಿಟ್ಟು ಕಾರಿಗೇ ತಂದರು. "ಬೀಗತಿದು ಏನ್ ಸೊಕ್ಕರೀ! ಮನಿಯೊಳಗ ಬರಾಕ ಒಲ್ಲಳಂತ," ಎಂದು ಆ ಕಡೆ ಗುಸುಗುಸು. ಅತ್ತೆಯವರ ಕಣ್ಣಲ್ಲಿ ನೀರೇ ಬಂತು. ಕೊನೆಗೆ ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಕೊಂಡಿ ಒರೆಸಿದೆ. ಒಳಗಿಂದ ಒಂದು ತುಣುಕು ಕುಂದಾ ಕರಗಿ ಹೊರಬಂತು; ಕೊಂಡಿಯೂ ಬಿಚ್ಚಿತು.

"ಅತ್ತಿ, ನೀವು ಸಿಹಿ ಬಿಟ್ಟೀರಲ್ಲ?" ಎಂದೆ.

"ನಾ ಬಿಟ್ಟೇನ್ರಿ ಅಳಿಯಂದ್ರ, ಅದ ನನ್ನ ಬಿಡವಲ್ದು!"

೩. ಖಾನಾಪುರದ ಮದುವೆ

ಗೆಳೆಯನ ಮಗನ ಮದುವೆ. ವರನನ್ನು ನನ್ನ ಕಾರಿನಲ್ಲೇ ಖಾನಾಪುರಕ್ಕೆ ಕರೆದೊಯ್ದೆ. ಹುಡುಗ ಹುರುಪಿನಿಂದ ಬೆಲ್ಟು ಹಾಕಿಕೊಂಡ. ಹೆಣ್ಣಿನ ಮನೆಯವರು ಆರತಿ ಹಿಡಿದು ಕಾರಿನ ಬಳಿ ಬಂದಾಗ ಕೊಂಡಿಯ ಗುಂಡಿ ಒಳಗೇ ಕುಸಿದು ಕೂತಿತ್ತು. ಒತ್ತಿದೆವು, ಗುದ್ದಿದೆವು, ಕೊಬ್ಬರಿ ಎಣ್ಣೆ ಬಿಟ್ಟೆವು. ಸುತ್ತ ನಿಂತವರು ಕನ್ನಡದಲ್ಲೂ ಮರಾಠಿಯಲ್ಲೂ ಬುದ್ಧಿ ಹೇಳಿದರು. ಬೆಲ್ಟಿಗೆ ಎರಡೂ ಭಾಷೆ ತಿಳಿಯಲಿಲ್ಲ.

"ಕತ್ತರಿ ತರ್ರಿ, ಕೊಯ್ಯೂಣು," ಎಂದೆ.

"ಅಯ್ಯ, ಮದುವಿ ಹೊತ್ತಿನ್ಯಾಗ ಕತ್ತರಿನಾ? ಬ್ಯಾಡ್ರಿ!" ವರನ ತಾಯಿ ಅಡ್ಡ ಬಂದರು.

ಮುಹೂರ್ತ ಮೀರುತ್ತದೆಂದು ಮಂಟಪದಿಂದ ಅಯ್ಯನವರು ಹೇಳಿ ಕಳಿಸಿದರು. ಹುಡುಗ ಅಳುವುದೊಂದೇ ಬಾಕಿ. "ಕಾಕಾ, ಏನರ ಮಾಡ್ರಿ, ಅಕಿ ಒಳಗ ಕಾಯಾಕತ್ತಾಳ!"

ಸೀಟನ್ನು ಹಿಂದಕ್ಕೆ ಮಲಗಿಸಿ, ಹೆಗಲ ಪಟ್ಟಿಯನ್ನು ಹೇಗೋ ತಲೆ ದಾಟಿಸಿದೆ. "ಹೊಟ್ಟಿ ಒಳಗ ಎಳಕೋ," ಎಂದೆ. ಹಿಂದಿನಿಂದ ಇಬ್ಬರು ಸೋದರಮಾವಂದಿರು ಕಂಕುಳಿಗೆ ಕೈಹಾಕಿ ಜಗ್ಗಿದರು. ಹುಡುಗ ಸರಕ್ಕನೆ ಹಿಂದಿನ ಬಾಗಿಲಿನಿಂದ ಹೊರಬಿದ್ದ. ಧೋತರ ಮಾತ್ರ ಬೆಲ್ಟಿನಡಿಯಲ್ಲೇ ಉಳಿಯಿತು.

ತಲೆಗೆ ಜರಿ ರುಮಾಲು, ಕೊರಳಲ್ಲಿ ಹಾರ, ಕೆಳಗೆ ಪಟ್ಟಾಪಟ್ಟಿ ಚಡ್ಡಿ. ಬ್ಯಾಂಡಿನವರು ಗಪ್ಪಾದರು. ಆರತಿ ಹಿಡಿದಿದ್ದ ವಧುವಿನ ಅಜ್ಜಿ ಮೇಲಿಂದ ಕೆಳಗೆ ಒಮ್ಮೆ ನೋಡಿ, ಸೆರಗು ಬಾಯಿಗೆ ಹಿಡಿದು ಅಂದಳು:

"ಅಯ್ಯ, ಇಷ್ಟ್ಯಾಕ ಗಡಿಬಿಡಿ ಇವಂಗ? ಮೊದಲ ತಾಳಿಯರ ಕಟ್ಟಲಿ!"